ಹೊಸ ಸೆನ್ಸರ್ ತಗೊಂಡು ಹೋದೆ, ಡಬ್ಬಾನೇ ತೆಗೀಲಿಲ್ಲ: ಫ್ರೀಮಾಂಟ್‌ನ ಒಂದು ಪುಟ್ಟ ಗ್ಯಾರೇಜು

ಸ್ಮಾಗ್ ಚೆಕ್ (ರಿಜಿಸ್ಟ್ರೇಷನ್ನಿಗೆ ಬೇಕಾದ ಕಾರಿನ ಮಾಲಿನ್ಯ ಪರೀಕ್ಷೆ) ನಿನ್ನೆ ಪಾಸಾಯ್ತು, ಅದಕ್ಕೇ ಈಗ ಧೈರ್ಯವಾಗಿ ಬರೀತಿದೀನಿ. ನಂದು 2010ರ ಹಳೇ ಸೆಡಾನು, ರಿಜಿಸ್ಟ್ರೇಷನ್ ರಿನ್ಯೂವಲ್ ಹತ್ರ ಬಂದಾಗ್ಲೇ ಚೆಕ್ ಎಂಜಿನ್ ಲೈಟ್ ಹತ್ಕೊಂಡು ಕೂತಿತ್ತು, ಕ್ಯಾಲಿಫೋರ್ನಿಯಾದಲ್ಲಿ ಆ ಲೈಟ್ ಉರೀತಿದ್ರೆ ಸ್ಮಾಗ್ ಫೇಲೇ, ಗೊತ್ತಲ್ಲ. ಕೋಡ್ ಪಿ0453, ಅಂದ್ರೆ ಇವ್ಯಾಪ್ (ಟ್ಯಾಂಕಿನ ಪೆಟ್ರೋಲ್ ಆವಿ ಹೊರಗೆ ಹೋಗದ ಹಾಗೆ ಹಿಡಿಯೋ ವ್ಯವಸ್ಥೆ) ಪ್ರೆಶರ್ ಸೆನ್ಸರ್ ವೋಲ್ಟೇಜ್ ಜಾಸ್ತಿ ತೋರಿಸ್ತಿದೆ ಅಂತ.

ಮೊದಲು ಹೋದ ದೊಡ್ಡ ಸರ್ವಿಸ್ ಸೆಂಟರ್‌ನೋರು ಕೋಡ್ ಓದಿದ್ರು ಅಷ್ಟೆ, ಸೆನ್ಸರ್ರೂ ಕ್ಯಾನಿಸ್ಟರ್ರೂ (ಆ ಆವಿ ಹೀರಿಟ್ಕೊಳ್ಳೋ ಇದ್ದಿಲಿನ ಡಬ್ಬಿ) ಎರಡೂ ಬದಲಾಯಿಸ್ಬೇಕು, 780 ಡಾಲರ್ ಅಂದ್ರು. ನಾನೂ ಮಹಾ ಬುದ್ಧಿವಂತ, ಆನ್‌ಲೈನಲ್ಲಿ ಸೆನ್ಸರ್ ತರಿಸ್ಕೊಂಡು ಇದನ್ನ ಕೂರಿಸಿಕೊಡಿ ಸಾಕು ಅಂತ ಈ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಡಬ್ಬಾ ಕಡೆ ನೋಡಿ, ಅದನ್ನ ತೆಗೀಬೇಡಿ, ವಾಪಸ್ ಕಳಿಸೋ ಹಾಗೆ ಇರ್ಲಿ ಅಂದ.

ಆಮೇಲೆ ಮಾಡಿದ್ದು ನೋಡೋಕೇ ಚೆನ್ನಾಗಿತ್ತು. ಸೆನ್ಸರಿಗೆ ಬರೋದು ಮೂರು ವೈರು, 5 ವೋಲ್ಟ್ ಒಂದು, ಗ್ರೌಂಡ್ ಒಂದು, ಸಿಗ್ನಲ್ ಒಂದು. ಕೀ ಆನ್ ಮಾಡಿ ಮಲ್ಟಿಮೀಟರ್ ಹಿಡಿದ, 5 ವೋಲ್ಟ್ ವೈರಿಗೂ ಕಾರಿನ ಬಾಡಿಗೂ ನಡುವೆ 5 ಸರಿಯಾಗಿ ಬಂತು, ಅದೇ ವೈರಿಗೂ ಕನೆಕ್ಟರಿನ ಗ್ರೌಂಡ್ ಪಿನ್ನಿಗೂ ನಡುವೆ ಹಿಡಿದ್ರೆ ಏನೂ ಇಲ್ಲ. ಗ್ರೌಂಡ್ ಕಟ್ಟಾಗಿದೆ, ಅದಕ್ಕೇ ಸಿಗ್ನಲ್ ಮೇಲೆ ಹೋಗಿ ಕೂತಿದೆ, ಸೆನ್ಸರ್ ಪಾಪ ಏನೂ ಮಾಡಿಲ್ಲ ಅಂದ. ವೈರ್ ಹಿಡ್ಕೊಂಡು ಹೋದ್ರೆ ಟ್ಯಾಂಕ್ ಹತ್ರ ಇಲಿ ಕಡಿದಿತ್ತು. ಗಣಪತಿ ವಾಹನ ನನ್ನ ವಾಹನಕ್ಕೇ ಬಾಯಿ ಹಾಕಿತ್ತು ನೋಡಿ!

ವೈರ್ ಬೆಸುಗೆ ಹಾಕಿದ ಮೇಲೂ ಸುಮ್ನೆ ಬಿಡ್ಲಿಲ್ಲ. ಗ್ಯಾಸ್ ಕ್ಯಾಪ್ (ಪೆಟ್ರೋಲ್ ಟ್ಯಾಂಕಿನ ಮುಚ್ಚಳ) ತೆಗೆಸಿ ನೋಡಿದ, ಸಿಗ್ನಲ್ 2.5 ವೋಲ್ಟ್ ಆಸುಪಾಸು, ನನ್ನ ಕಾರಿಗೆ ಅದು ಸರಿ (ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತಂತೆ, ನಿಮ್ಮ ಕಾರಿನ ಮ್ಯಾನುಯಲ್ ನೋಡ್ಕೊಳಿ). ಆಮೇಲೆ ಕೈ ಪಂಪಲ್ಲಿ ಮೆಲ್ಲಗೆ ವ್ಯಾಕ್ಯೂಮ್ ಎಳೆದ, ವೋಲ್ಟೇಜ್ ನಿಧಾನಕ್ಕೆ ಇಳೀತು, ಬಿಟ್ಟ ತಕ್ಷಣ ವಾಪಸ್ ಬಂತು. ಕಂಪ್ರೆಸರ್ ಗಾಳಿ ಮಾತ್ರ ಯಾವತ್ತೂ ಹೊಡೀಬೇಡಿ, ಈ ಸೆನ್ಸರ್ ತುಂಬಾ ಸಣ್ಣ ಒತ್ತಡ ಅಳೆಯೋದು, ಒಂದೇ ಏಟಿಗೆ ಹೋಗುತ್ತೆ ಅಂದ. ಕೊನೇಗೆ ಪೈಪುಗಳೊಳಗೆ ಹೊಗೆ ಬಿಟ್ಟು ಸೋರಿಕೆ ಹುಡುಕೋ ಸ್ಮೋಕ್ ಟೆಸ್ಟೂ ಮಾಡಿದ, ಹೊಗೆ ಎಲ್ಲೂ ಬರ್ಲಿಲ್ಲ, ಕ್ಯಾನಿಸ್ಟರ್ ಗಟ್ಟಿಮುಟ್ಟಾಗಿದೆ. ಅಂದ್ರೆ ಆ 780ರಲ್ಲಿ ಒಂದು ಪಾರ್ಟೂ ಬೇಕಿರ್ಲಿಲ್ಲ!

ಬಿಲ್ಲು 165 ಡಾಲರ್. ಒಂದು ವೈರಿಗೆ ಇಷ್ಟಾ ಅಂತ ನನ್ನ ಹೆಂಡ್ತಿ ಕೇಳಿದ್ಲು, ನಿಜ, ಆದ್ರೆ ದುಡ್ಡು ಕೊಟ್ಟಿದ್ದು ವೈರಿಗಲ್ಲ, ಹುಡುಕಿದ್ದಕ್ಕೆ.

ಕೋಡ್ ಅಳಿಸಿದ ಮೇಲೆ ಅವತ್ತೇ ಸ್ಮಾಗಿಗೆ ಓಡಬೇಡಿ, ಕಾರಿನ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನ ಮುಗಿಸಬೇಕು. ಟ್ಯಾಂಕ್ ಅರ್ಧ ಇಟ್ಕೊಂಡು, ರಾತ್ರಿಯೆಲ್ಲ ನಿಂತ ಕಾರನ್ನ ಬೆಳಿಗ್ಗೆ ಓಡಿಸ್ತಾ ಹೋದೆ, ನನಗೆ ಆರು ದಿನ ಹಿಡೀತು.

ಕಂಪ್ಲೇಂಟ್ ಅಂದ್ರೆ ಫೋನ್ ಎತ್ತೋದೇ ಇಲ್ಲ, ಕೂರೋಕೆ ಒಂದೇ ಕುರ್ಚಿ, ಅದರ ಮೇಲೂ ಅವರ ಬೆಕ್ಕು ಮಲಗಿರುತ್ತೆ. ಆ ಬೆಕ್ಕನ್ನ ಒಂದು ತಿಂಗಳು ಬಾಡಿಗೆಗೆ ಕೊಡ್ತೀರಾ ಅಂತ ಕೇಳಿ ಬಂದಿದೀನಿ, ಇನ್ನೂ ಉತ್ತರ ಬಂದಿಲ್ಲ.