ಒಬ್ಬರ ರಾತ್ರಿಯೂಟಕ್ಕೆ ಮುದ್ದೆಯೋ, ನವಣೆ ಅನ್ನವೋ, ಜೋಳದ ರೊಟ್ಟಿಯೋ?

ಬೆಂಗಳೂರಿನಲ್ಲಿ ಒಬ್ಬಳೇ ಇದ್ದು ಏಳು ವರ್ಷ ಮೆಸ್ಸಿನ ಊಟ ಮಾಡಿದ ಮೇಲೆ, ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ ಗಡಿ ಮುಟ್ಟಿರುವುದನ್ನು ಕಂಡು, ರಾತ್ರಿಯ ಅಡುಗೆಯನ್ನಾದರೂ ಕಲಿಯಬೇಕೆಂದು ನಿಶ್ಚಯಿಸಿದೆ. ಬಿಳಿ ಅನ್ನದ ಬದಲಿಗೆ ಯಾವುದನ್ನು ರೂಢಿಸಿಕೊಳ್ಳಬಹುದೆಂದು ತಿಳಿಯಲು ನವಣೆ ಅನ್ನ, ಜೋಳದ ರೊಟ್ಟಿ, ರಾಗಿ ಮುದ್ದೆ ಈ ಮೂರನ್ನೂ ತಲಾ ಒಂದು ತಿಂಗಳು ಮಾಡಿ ನೋಡಿದೆ. ಕಚೇರಿಯಿಂದ ಏಳು ಗಂಟೆಗೆ ಬಂದು ಎಂಟೂವರೆಯೊಳಗೆ ಊಟಕ್ಕೆ ಕೂರಬೇಕೆಂಬುದು ನಾನೇ ಹಾಕಿಕೊಂಡ ನಿಯಮ.

ಕಲಿಯುವವರಿಗೆ ನವಣೆಯಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಮನೆಗೆ ಬಂದ ಕೂಡಲೇ ತೊಳೆದು ಅರ್ಧ ಗಂಟೆ ನೆನೆಹಾಕಿ, ಒಂದಕ್ಕೆ ಎರಡೂವರೆ ಅಳತೆ ನೀರಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ, ಇಳಿಸಿದ ಮೇಲೆ ಹತ್ತು ನಿಮಿಷ ಮುಚ್ಚಿಟ್ಟರೆ ಅನ್ನ ಉದುರುದುರಾಗುತ್ತದೆ. ಆದರೆ ಈ ಸುಲಭತನವೇ ನನಗೆ ತೊಡಕಾಯಿತು. ನವಣೆ ಅನ್ನ ಮೊಸರು ಉಪ್ಪಿನಕಾಯಿಗೂ ಒಗ್ಗುವುದರಿಂದ, ದಣಿದು ಬಂದ ರಾತ್ರಿಗಳಲ್ಲಿ ತರಕಾರಿ ಹೆಚ್ಚುವುದನ್ನೇ ಬಿಟ್ಟೆ. ತಟ್ಟೆಯಲ್ಲಿ ಧಾನ್ಯ ಬದಲಾಯಿತೇ ಹೊರತು ಊಟ ಬದಲಾಗಲಿಲ್ಲ.

ಜೋಳದ ರೊಟ್ಟಿಯನ್ನು ವಿಜಯಪುರದ ಗೆಳತಿಯೊಬ್ಬಳಿಂದ ಕಲಿತೆ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲದ ಕಾರಣ, ಕುದಿಯುವ ನೀರು ಹಾಕಿ ಪಿಷ್ಟವನ್ನು ಅಂಟಾಗಿಸದ ಹೊರತು ಹಿಟ್ಟಿಗೆ ಜಿಗಿ ಬರುವುದಿಲ್ಲ. ಬೀಸಿ ಬಹಳ ದಿನವಾದ ಹಿಟ್ಟಾದರೆ ಎಷ್ಟು ನಾದಿದರೂ ತಟ್ಟುವಾಗ ಅಂಚು ಬಿರಿಯುತ್ತದೆ. ತಿಂಗಳ ಕೊನೆಗೂ ಮೂರು ರೊಟ್ಟಿಗೆ ನನಗೆ ನಲವತ್ತು ನಿಮಿಷ ಬೇಕಾಗುತ್ತಿತ್ತು. ರುಚಿಯಲ್ಲಿ ಇದೇ ಮೊದಲನೆಯದೆಂದು ಈಗಲೂ ಹೇಳುತ್ತೇನೆ, ಆದರೆ ಇದು ಭಾನುವಾರದ ಅಡುಗೆ.

ಮುದ್ದೆಗೆ ಒಂದು ಅಳತೆ ಹಿಟ್ಟು, ಎರಡು ಅಳತೆ ನೀರು. ಕುದಿಯುವ ನೀರಿನ ಮೇಲೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಐದು ನಿಮಿಷ ಕೈಹಾಕದೆ ಬೇಯಲು ಬಿಟ್ಟು, ಆಮೇಲೆ ಕೋಲಿನಿಂದ ತಿರುವಬೇಕು. ಅವಸರಪಟ್ಟು ಮೊದಲೇ ತಿರುವಿದ ದಿನಗಳಲ್ಲೆಲ್ಲ ಗಂಟಾಯಿತು. ಒಬ್ಬರ ಅಳತೆಗೆ ತಳ ದಪ್ಪವಿರುವ ಚಿಕ್ಕ ಪಾತ್ರೆಯೇ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರಿನಂಶ ಇವೆ. ಬಿಳಿ ಅಕ್ಕಿಯಲ್ಲಿ ಇವು ಕ್ರಮವಾಗಿ 7 ಮಿಲಿಗ್ರಾಂ ಮತ್ತು 3 ಗ್ರಾಮಿನಷ್ಟು ಮಾತ್ರ.

ಆದರೂ ನಾನು ಮುದ್ದೆಯನ್ನು ಆರಿಸಿದ್ದು ಈ ಅಂಕಿಗಳಿಗಾಗಿ ಅಲ್ಲ. ಮುದ್ದೆಯನ್ನು ಸಾರಿಲ್ಲದೆ ನುಂಗಲಾಗದು, ಹಾಗಾಗಿ ಅದು ನನ್ನಿಂದ ಸೊಪ್ಪನ್ನೂ ಕಾಳನ್ನೂ ಬೇಯಿಸಿತು. ಬಸ್ಸಾರನ್ನೇ ನೋಡಿ: ದಂಟಿನ ಸೊಪ್ಪನ್ನು ಹೆಸರುಕಾಳಿನೊಂದಿಗೆ ಬೇಯಿಸಿ ಬಸಿದ ಕಟ್ಟಿಗೆ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆ, ಸಾರಿನ ಪುಡಿಗಳೊಂದಿಗೆ ಒಂದು ಹಿಡಿ ಬೆಂದ ಕಾಳುಸೊಪ್ಪನ್ನೂ ರುಬ್ಬಿ ಬೆರೆಸಿ ಕುದಿಸಿದರೆ ಸಾರು, ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬೇಯಿಸಿದ ನೀರೂ ವ್ಯರ್ಥವಾಗುವುದಿಲ್ಲ, ಎರಡನೆಯ ರಾತ್ರಿಗೆ ಸಾರಿನ ರುಚಿ ಇನ್ನಷ್ಟು ಏರುತ್ತದೆ, ಆ ದಿನ ಮುದ್ದೆಯೊಂದನ್ನು ಮಾಡಿಕೊಂಡರೆ ಸಾಕು.

ರಾಗಿಯಲ್ಲಿಯೂ ಹೆಚ್ಚಿನ ಭಾಗ ಪಿಷ್ಟವೇ ಆಗಿರುವುದರಿಂದ, ಸಕ್ಕರೆಯ ಚಿಂತೆ ಇರುವವರು ಎಷ್ಟು ಬೇಕಾದರೂ ತಿನ್ನಬಹುದೆಂದು ತಿಳಿಯಬಾರದು. ನಾನು ಕಿತ್ತಳೆ ಹಣ್ಣಿನಷ್ಟು ದಪ್ಪದ ಒಂದೇ ಮುದ್ದೆ ಕಟ್ಟಿ, ಪಲ್ಯವನ್ನು ಅದರ ಎರಡರಷ್ಟು ಬಡಿಸಿಕೊಳ್ಳುತ್ತೇನೆ. ಈಗ ವಾರದಲ್ಲಿ ನಾಲ್ಕು ರಾತ್ರಿ ಮುದ್ದೆ, ಎರಡು ರಾತ್ರಿ ತರಕಾರಿ ಹಾಕಿದ ನವಣೆ ಬಿಸಿಬೇಳೆಬಾತ್, ಭಾನುವಾರ ರೊಟ್ಟಿ.