ಶನಿವಾರದ ಸಬ್ಬತ್ತೋ, ಭಾನುವಾರವೋ, ಯಾವ ದಿನವಾದರೂ ಸರಿಯೋ?

ಸಬ್ಬತ್ತು ಅಂದರೆ ಬೈಬಲ್ ಹೇಳುವ, ವಾರಕ್ಕೊಮ್ಮೆ ಕೆಲಸ ಬಿಟ್ಟು ದೇವರಿಗೆ ಮೀಸಲಿಡುವ ದಿನ. ಅದನ್ನು ಯಾವತ್ತು ಆಚರಿಸಬೇಕು ಅನ್ನುವುದೇ ಪ್ರಶ್ನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಭಾನುವಾರಕ್ಕೆ. ಆದರೆ ಅದನ್ನು ನಡೆಸುವ ರೀತಿ ಕಲಿತಿದ್ದು ಶನಿವಾರದವರಿಂದ. ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆ, ಭಾನುವಾರದವರು. ಹೆಂಡತಿಯ ತವರು ಸೆವೆಂತ್ ಡೇ ಅಡ್ವೆಂಟಿಸ್ಟ್, ಶನಿವಾರ ಸಬ್ಬತ್ತು ಆಚರಿಸುವ ಕ್ರೈಸ್ತ ಸಭೆಯವರು. ನನಗೆ ಮೈಸೂರಿನಲ್ಲಿ ಕಾಲೇಜಿನ ಎದುರು ಜೆರಾಕ್ಸ್ ಅಂಗಡಿ. ಹಾಗಾಗಿ ಈ ಪ್ರಶ್ನೆ ಅಂಗಡಿಯ ಶಟರ್ ಹತ್ತಿರವೇ ಏಳುತ್ತದೆ.

ಮದುವೆಯಾದ ಹೊಸದರಲ್ಲಿ ಮಾವ ಹೇಳಿದರು ಅಂತ ಶನಿವಾರವನ್ನೇ ಆಚರಿಸಿ ನೋಡಿದೆ. ಅವರ ವಾದ ಗಟ್ಟಿ. ಹತ್ತು ಆಜ್ಞೆಗಳಲ್ಲಿ ಒಂಬತ್ತನ್ನು ಇಟ್ಟುಕೊಂಡು ನಾಲ್ಕನೆಯದಾದ ಸಬ್ಬತ್ತಿನ ಆಜ್ಞೆಯನ್ನು ಮಾತ್ರ ಯಾರು ತೆಗೆದರು? ಏಳನೆಯ ದಿನದ ಬದಲು ಒಂದನೆಯ ದಿನ ಅಂತ ಹೊಸ ಒಡಂಬಡಿಕೆಯಲ್ಲಿ ಎಲ್ಲಿದೆ, ತೋರಿಸಿ ಅನ್ನುತ್ತಾರೆ. ಹಾಗೆ ನೇರವಾಗಿ ಹೇಳುವ ವಚನ ಇಲ್ಲ, ನಿಜ.

ನನಗೆ ತಲೆನೋವಾಗಿದ್ದು ಶುಕ್ರವಾರದ ಸಂಜೆ. ಸೂರ್ಯ ಮುಳುಗಿದರೆ ಸಬ್ಬತ್ತು ಶುರು. ಮೈಸೂರಿನಲ್ಲಿ ನವೆಂಬರ್‌ನಲ್ಲಿ ಆರಕ್ಕೆ ಮುಂಚೆಯೇ ಹೊತ್ತು ಮುಳುಗುತ್ತದೆ, ಜುಲೈನಲ್ಲಿ ಆರೂ ಮುಕ್ಕಾಲು ದಾಟುತ್ತದೆ. ಅಂಗಡಿ ಬೋರ್ಡಿನಲ್ಲಿ ಏನಂತ ಟೈಮ್ ಬರೆಯುವುದು? ನನ್ನ ವ್ಯಾಪಾರ ಕುದುರುವುದೇ ಐದೂವರೆಯಿಂದ ಎಂಟರವರೆಗೆ. ಹುಡುಗರು ಪೆನ್ ಡ್ರೈವ್ ಹಿಡಿದು ಬರುತ್ತಾರೆ. ಪ್ರಾಜೆಕ್ಟ್ ರಿಪೋರ್ಟು, ಸ್ಪೈರಲ್ ಬೈಂಡಿಂಗ್, ನಾಳೆ ಬೆಳಿಗ್ಗೆಯೇ ಕೊಡಬೇಕು.

ಸರಿ, ಒಳಗಿರುವವರದ್ದು ಮುಗಿಸೋಣ ಅಂತ ಅರ್ಧ ಶಟರ್ ಇಳಿಸಿದರೆ, ಕೆಳಗೆ ಇನ್ನೊಂದು ಜೊತೆ ಶೂ ಕಾಣಿಸುತ್ತದೆ. "ಅಣ್ಣಾ, ಎರಡೇ ಪೇಜು." ಎರಡು ಅಂದಿದ್ದು ನಲವತ್ತಾಗುತ್ತದೆ, ಅದರಲ್ಲಿ ಒಂದಷ್ಟು ಕಲರ್. ಹೊರಗೆ ಬೀದಿದೀಪ ಹತ್ತಿದೆ, ಒಳಗೆ ಮಷಿನ್ ಓಡುತ್ತಲೇ ಇದೆ. ಮನೆಯಲ್ಲಿ ಮಾವ ಹಾಡು ಶುರು ಮಾಡಿರುತ್ತಾರೆ. ಟೋನರ್ ಮೆತ್ತಿದ ಕೈಯಲ್ಲಿ ಹೋಗಿ ಹಿಂದೆ ಕೂರಬೇಕು. ಅವರು ಏನೂ ಅನ್ನುವುದಿಲ್ಲ, ಗಡಿಯಾರ ನೋಡುತ್ತಾರೆ ಅಷ್ಟೇ.

ದುಡ್ಡಿನ ಲೆಕ್ಕ ಬೇರೆ ಇದೆ. ಭಾನುವಾರ ಕಾಲೇಜೇ ಇಲ್ಲ, ವ್ಯಾಪಾರವೂ ಇಲ್ಲ. ಜೊತೆಗೆ ಶುಕ್ರವಾರದ ಸಂಜೆ, ಶನಿವಾರದ ಹಗಲು ಎರಡೂ ಹೋದರೆ ಬಾಡಿಗೆ ಕಟ್ಟುವುದು ಎಲ್ಲಿಂದ?

ಭಾನುವಾರ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ತಂದಿದ್ದು ಅಂತ ಮಾವ ಹೇಳುತ್ತಾರೆ. ಕ್ರಿ.ಶ. 321ರಲ್ಲಿ ಅವನು ಭಾನುವಾರ ರಜೆಯ ಆಜ್ಞೆ ಹೊರಡಿಸಿದ್ದು ಹೌದು. ಅದರಲ್ಲೂ ರೈತರಿಗೆ ಹೊಲದ ಕೆಲಸಕ್ಕೆ ವಿನಾಯಿತಿ ಇತ್ತು. ಆದರೆ ಕ್ರೈಸ್ತರು ಭಾನುವಾರ ಕೂಡುತ್ತಿದ್ದುದು ಅದಕ್ಕೂ ಮುಂಚಿನಿಂದ. ಸುಮಾರು 150ರ ಹೊತ್ತಿಗೇ ಜಸ್ಟಿನ್ ಮಾರ್ಟರ್ ಅನ್ನುವ ಕ್ರೈಸ್ತ ಲೇಖಕ ಅದನ್ನು ಬರೆದಿದ್ದಾನೆ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು 20ರಲ್ಲಿ ತ್ರೋವ ಊರಿನವರು ರೊಟ್ಟಿ ಮುರಿಯಲು ಕೂಡಿದ್ದೂ ವಾರದ ಮೊದಲನೆಯ ದಿನವೇ. ಹಬ್ಬ, ಅಮಾವಾಸ್ಯೆ, ಸಬ್ಬತ್ತುಗಳ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡಬಾರದು ಅಂತ ಕೊಲೊಸ್ಸೆಯವರಿಗೆ ಪೌಲ ಬರೆದ ಪತ್ರದಲ್ಲಿ ಮಾತೂ ಇದೆ. ನನಗೆ ಇಷ್ಟು ಸಾಕು. ಮಾವನಿಗೆ ಸಾಲದು.

ಇನ್ನು ಪೌಲನೇ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ತೋರಿಸಿ "ಎಲ್ಲ ದಿನವೂ ಒಂದೇ" ಅನ್ನುವ ಮೂರನೆಯ ದಾರಿ. ವ್ಯಾಪಾರ ಕಡಿಮೆ ಇರುವ ಮಂಗಳವಾರ ಇಟ್ಟುಕೊಂಡೆ. ಪೇಪರ್ ಸಪ್ಲೈಯರ್ ಬರುವುದೇ ಮಂಗಳವಾರ. ಬುಧವಾರಕ್ಕೆ ಹಾಕಿದೆ, ಆಮೇಲೆ ಅದೂ ಸುಮ್ನೆ ಮರೆತೇ ಹೋಯಿತು.

ಭಾನುವಾರದಲ್ಲಿ ದೋಷ ಇಲ್ಲ ಅಂತಲ್ಲ. ಆರಾಧನೆ ಮುಗಿದರೆ ಕಮಿಟಿ ಮೀಟಿಂಗು, ಅದಾದ ಮೇಲೆ ಕೋಳಿ ಅಂಗಡಿಯ ಕ್ಯೂ, ಊಟಕ್ಕೆ ಎರಡು ಗಂಟೆ. ಬೈಬಲ್ಲಿನ ಧರ್ಮೋಪದೇಶಕಾಂಡ 5ರಲ್ಲಿ ಸಬ್ಬತ್ತಿನಂದು ಯಾರ್ಯಾರು ಕೆಲಸ ಮಾಡಬಾರದು ಅಂತ ಪಟ್ಟಿ ಇದೆ: ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ. ನೀನೂ ಐಗುಪ್ತದಲ್ಲಿ (ಈಜಿಪ್ಟ್) ದಾಸನಾಗಿದ್ದೆ, ನೆನಪಿರಲಿ ಅಂತ ಕಾರಣವನ್ನೂ ಕೊಟ್ಟಿದೆ. ಹೆಂಡತಿಯ ಹೆಸರು ಪಟ್ಟಿಯಲ್ಲಿಲ್ಲ. ಅದನ್ನು ಮೊದಲು ಗಮನಿಸಿದ್ದು ನನ್ನ ಹೆಂಡತಿಯೇ, ಒಲೆ ಮುಂದೆ ನಿಂತು.

ಅವಳ ತವರಿನಲ್ಲಿ ಶುಕ್ರವಾರ ಹೊತ್ತು ಮುಳುಗುವುದರೊಳಗೆ ಅಡುಗೆ, ಗುಡಿಸುವುದು, ಇಸ್ತ್ರಿ ಎಲ್ಲ ಮುಗಿದಿರುತ್ತದೆ. ಆ ಪದ್ಧತಿಯನ್ನು ನಾವು ಶನಿವಾರದ ರಾತ್ರಿಗೆ ತಂದುಕೊಂಡೆವು. ಕೋಳಿ ಸಾರು ರಾತ್ರಿಯೇ ಆಗುತ್ತದೆ. ಮರುದಿನಕ್ಕೆ ರುಚಿಯೂ ಜಾಸ್ತಿ. ಭಾನುವಾರ ಅನ್ನ ಇಟ್ಟರೆ ಆಯಿತು. ಕಮಿಟಿಗೆ ರಾಜೀನಾಮೆ ಕೊಟ್ಟೆ. ಅಂಗಡಿಯ ಹುಡುಗನಿಗೂ ಅವತ್ತು ಸಂಬಳದ ಸಮೇತ ರಜೆ. ವಾರಕ್ಕೊಂದು ಪೂರ್ತಿ ದಿನ ರಜೆ ಕೊಡಬೇಕು ಅಂತ 1961ರ ನಮ್ಮ ರಾಜ್ಯದ ಅಂಗಡಿ ಕಾಯ್ದೆಯಲ್ಲೂ ಇದೆ ಅಲ್ವಾ.

ನಿಮಗೆ ಶನಿವಾರ ರಜೆಯ ಕೆಲಸ ಇದ್ದರೆ, ಶುಕ್ರವಾರ ಬೇಗ ಮನೆ ಸೇರುವ ಹಾಗಿದ್ದರೆ, ಮಾವನ ದಾರಿ ಕಷ್ಟವಲ್ಲ. ವಚನದ ಮಟ್ಟಿಗೆ ಅದೇ ಸರಿ ಅನ್ನಿಸಿದರೆ ಹಾಗೇ ಮಾಡಿ. ದಿನಗೂಲಿಯವರಿಗೆ, ಚಿಕ್ಕ ಅಂಗಡಿಯವರಿಗೆ ನಾನು ಹೇಳುವುದು ಭಾನುವಾರವನ್ನೇ. ನಮ್ಮ ಎದುರಿನ ಕಾಲೇಜಿನಲ್ಲಿ ಭಾನುವಾರ ಸರ್ಕಾರಿ ಪರೀಕ್ಷೆ ಇದ್ದಾಗ ಮಾತ್ರ ಯಾರಾದರೂ ಹಾಲ್ ಟಿಕೆಟ್ ಪ್ರಿಂಟಿಗೆ ಓಡಿ ಬರುತ್ತಾರೆ. ತೆಗೆದು ಕೊಡುತ್ತೇನೆ, ದುಡ್ಡು ತಗೊಳ್ಳುವುದಿಲ್ಲ. ಸಬ್ಬತ್ತಿನಲ್ಲಿ ಎತ್ತು ಬಾವಿಗೆ ಬಿದ್ದರೆ ಎತ್ತುವುದಿಲ್ಲವೇ ಅಂತ ಯೇಸುವೇ ಕೇಳಿದ್ದಾರೆ ಅಂದೆ. ಮಾವ ಅದನ್ನು ಒಪ್ಪಿದರು, ದಿನವನ್ನು ಮಾತ್ರ ಇನ್ನೂ ಒಪ್ಪಿಲ್ಲ.