ಎರಡು ವರ್ಷ ತಿರುಗಿದ ಮೇಲೆ: ನನ್ನ ಸೂಟ್‌ಕೇಸ್ ರೆಕಾರ್ಡ್ ಪ್ಲೇಯರ್

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಆ ಮೂರರಲ್ಲೂ ಒಂದು ಸ್ಟಾರ್ ಪ್ಲೇಯರ್‌ದಲ್ಲ, ನಮ್ಮೂರು ದಾವಣಗೆರೆಯ ಒಬ್ಬ ರೇಡಿಯೋ ರಿಪೇರಿ ಅಜ್ಜನದು.

ಕಂಪನಿ ಹೆಸರು ಬರೆಯುತ್ತಿಲ್ಲ. ಆನ್‌ಲೈನ್‌ನಲ್ಲಿ ಹುಡುಕಿದರೆ ಇದೇ ಡಬ್ಬ ಹತ್ತು ಹೆಸರಲ್ಲಿ ಸಿಗುತ್ತದೆ. ಸೂಟ್‌ಕೇಸ್ ಥರದ ಪೆಟ್ಟಿಗೆ. ಮುಚ್ಚಳ ತೆಗೆದರೆ ತಿರುಗೋ ತಟ್ಟೆ, ಮುಂದೆ ಎರಡು ಪುಟ್ಟ ಸ್ಪೀಕರ್, 33, 45, 78 ಅಂತ ಮೂರು ಸ್ಪೀಡು, ಜೊತೆಗೆ ಬ್ಲೂಟೂತ್. ನನ್ನದು ಆಕಾಶನೀಲಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ, ನೆಂಟರು ಕೈಗಿಟ್ಟ ದುಡ್ಡೆಲ್ಲ ಸೇರಿಸಿ 6,499 ರೂಪಾಯಿಗೆ ತರಿಸಿದೆ. ಈಗ ಪಿಯುಸಿ ಮುಗಿದಿದೆ. "ಫೋನಲ್ಲಿ ಪುಕ್ಕಟೆ ಬರೋ ಹಾಡಿಗೆ ಆರೂವರೆ ಸಾವಿರನಾ?" ಅಂತ ಅಮ್ಮ ಕೇಳಿದ್ದಕ್ಕೆ ಆವತ್ತು ಉತ್ತರ ಇರಲಿಲ್ಲ. ಅಟ್ಟದ ಮೇಲೆ ಅಜ್ಜನ ಟ್ರಂಕು ಇತ್ತು, ಅಷ್ಟೇ.

ಅಜ್ಜ ಹತ್ತಿ ಮಿಲ್ಲಿನಲ್ಲಿದ್ದವರು. ನಾನು ಹುಟ್ಟೋ ಮೊದಲೇ ಹೋದರು. ಟ್ರಂಕಿನಲ್ಲಿ 11 ದೊಡ್ಡ ಎಲ್‌ಪಿ, 9 ಚಿಕ್ಕ ರೆಕಾರ್ಡು, ತಳದಲ್ಲಿ ಹಳೇ ಸೀರೆಯಲ್ಲಿ ಸುತ್ತಿಟ್ಟ 6 ದಪ್ಪ ಪ್ಲೇಟು ಸಿಕ್ಕವು. ನಮ್ಮಜ್ಜಿ ಎಲ್ಲಕ್ಕೂ ಪ್ಲೇಟು ಅಂತಲೇ ಅನ್ನೋದು. ದೊಡ್ಡದು ನಿಮಿಷಕ್ಕೆ 33⅓ ಸುತ್ತು, ಒಂದು ಬದಿಗೆ ಇಪ್ಪತ್ತು ನಿಮಿಷದಷ್ಟು ಹಾಡು. ದಪ್ಪ ಪ್ಲೇಟು 78 ಸುತ್ತು, ಮೂರು ನಿಮಿಷಕ್ಕೇ ಖಲಾಸ್.

ಮೊದಲ ದಿನ ಪಿ.ಬಿ. ಶ್ರೀನಿವಾಸ್ ಎಲ್‌ಪಿ ಹಾಕಿದೆ. ಮುಳ್ಳು ಇಳಿದಾಗ ಸಾಸಿವೆ ಸಿಡಿದ ಹಾಗೆ ಚಟಪಟ, ಆಮೇಲೆ ಪಿಟೀಲು. ನನಗೆ ಮೈ ಜುಮ್ಮೆಂದಿತು. ಅಡುಗೆಮನೆಯಿಂದ ಸೌಟು ಹಿಡಿದೇ ಬಂದ ಅಜ್ಜಿ ಒಂದು ನಿಮಿಷ ಕೇಳಿ, "ಇದು ಶ್ರೀನಿವಾಸ್ ಅಲ್ಲ. ಅವ್ರ ತಮ್ಮ ಯಾರೋ ಹಾಡ್ದಂಗ ಐತಿ" ಅಂದರು.

ನಾನು ನಕ್ಕೆ. ತಪ್ಪು ನನ್ನದೇ. ಅಜ್ಜಿಯ ಕಿವಿ ಸರಿಯಾಗಿತ್ತು.

ಪ್ಲೇಯರ್ ಕೊಂಡವರು ಮೊದಲು ಮಾಡಬೇಕಾದ ಕೆಲಸ ಇದು, ಯಾವ ಡಬ್ಬದ ಮೇಲೂ ಬರೆದಿರೋದಿಲ್ಲ: ತಿರುಗೋ ತಟ್ಟೆಯ ಅಂಚಿಗೆ ಒಂದು ಸಣ್ಣ ಸ್ಟಿಕರ್ ಅಂಟಿಸಿ, 33ರಲ್ಲಿ ಓಡಿಸಿ, ಫೋನಿನಲ್ಲಿ ಟೈಮರ್ ಇಟ್ಟು ಅದು ಎಷ್ಟು ಸುತ್ತು ಬಂತು ಅಂತ ಎಣಿಸಿ. ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು. ನನ್ನದು 106 ಬಂತು. ಅಷ್ಟು ಜಾಸ್ತಿ ಆದರೆ ಹಾಡು ಹಾರ್ಮೋನಿಯಂನಲ್ಲಿ ಒಂದು ಮನೆ ಮೇಲೆ ಹೋಗಿ ಕೂರುತ್ತದೆ. ನಲವತ್ತು ವರ್ಷ ಆ ಹಾಡಿನ ಜೊತೆ ಗುನುಗಿದವರಿಗೆ ಗೊತ್ತಾಗದೆ ಇರುತ್ತಾ?

ಕಂಪನಿಗೆ ಮೇಲ್ ಹಾಕಿದೆ. ಪೆಟ್ಟಿಗೆ ಸಮೇತ ವಾಪಸ್ ಕಳಿಸಿ, ನೋಡಿ ಹೇಳುತ್ತೇವೆ ಅಂದರು. ಕೊರಿಯರ್ ಖರ್ಚು ನನ್ನದೇ. ಆಗ ಅಪ್ಪ ಮಂಡಿಪೇಟೆಯ ಹಿಂದಿನ ಗಲ್ಲಿಗೆ ಕರೆದುಕೊಂಡು ಹೋದರು. ಅಂಗಡಿ ಅನ್ನೋದಕ್ಕಿಂತ ಅದು ಗೂಡು. ಮೂರು ಕಡೆ ಹಳೇ ರೇಡಿಯೋ, ನಡುವೆ ಒಂದು ಸ್ಟೂಲು, ಸೋಲ್ಡರ್ ಹೊಗೆ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಅಜ್ಜ. ನನ್ನ ಆಕಾಶನೀಲಿ ಡಬ್ಬವನ್ನು ಮಗುಚಿ ನೋಡಿ, "ಇದೇನವ್ವಾ, ಊಟದ ಡಬ್ಬಿ ಇದ್ದಂಗೈತಲ್ಲ" ಅಂದರು. ಬೆರಳಲ್ಲಿ ತಟ್ಟಿದರು. ಒಳಗೆ ಪೂರ್ತಿ ಖಾಲಿ ಸದ್ದು.

ಮೋಟಾರಿನ ಅಡಿಯಲ್ಲಿ ಕಡಲೆಕಾಳು ಹಿಡಿಯದಷ್ಟು ಸಣ್ಣ ತೂತು. ಒಳಗೆ ಒಂದು ಸ್ಕ್ರೂ. ವಾಚ್ ರಿಪೇರಿಯ ಸ್ಕ್ರೂಡ್ರೈವರ್ ಹಾಕಿ ಕೂದಲೆಳೆಯಷ್ಟು ತಿರುಗಿಸಿದರು, ನಾನು ಎಣಿಸಿದೆ. 103. ಮತ್ತೊಂದು ಕೂದಲೆಳೆ. 99. ಹಿಂದಕ್ಕೆ ಅರ್ಧ. ಒಂದೊಂದು ಎಣಿಕೆಗೂ ಮೂರು ನಿಮಿಷ. ನಡುವೆ ಎರಡು ಸಲ ಕರೆಂಟು ಹೋಯಿತು. ಸಂಜೆ ಏಳಕ್ಕೆ 100 ಬಂತು. "ಐವತ್ತು ರೂಪಾಯಿ ಕೊಡು. ಆ ಟ್ರಂಕು ಐತಲ್ಲ, ಅದನ್ನೂ ಒಂದಿನ ತೋರ್ಸು" ಅಂದರು. ಮನೆಗೆ ಬಂದು ಅದೇ ಎಲ್‌ಪಿ ಹಾಕಿದಾಗ ಅಜ್ಜಿ ಏನೂ ಹೇಳಲಿಲ್ಲ. ಸುಮ್ನೆ ಬಾಗಿಲಿಗೆ ಒರಗಿ ನಿಂತರು.

ದಪ್ಪ ಪ್ಲೇಟುಗಳ ಕಥೆ ಬೇರೆ. ಒಂದರ ಲೇಬಲ್ ಮೇಲೆ ‘ಗಾಂಧಾರಿ ಹುಬ್ಬಳ್ಳಿ’ ಅಂತ ಇಂಗ್ಲಿಷಿನಲ್ಲಿ ಇತ್ತು, ಜೊತೆಗೆ ಗ್ರಾಮಫೋನಿನ ಮುಂದೆ ಕಿವಿಗೊಟ್ಟು ಕೂತ ಆ ನಾಯಿ. ಹಾಕಿದರೆ ಎಳೆ ದನಿ, ಎತ್ತರದ ಶ್ರುತಿ. ಸ್ಪೀಡು ಮತ್ತೆ ಕೆಟ್ಟಿತು ಅಂತ ಡಬ್ಬ ಹೊತ್ತುಕೊಂಡು ಓಡಿದೆ. ರಿಪೇರಿ ಅಜ್ಜ ಕೇಳಿ ನಕ್ಕುಬಿಟ್ಟರು. ಅದು ಗಂಗೂಬಾಯಿ ಹಾನಗಲ್! 1930ರ ದಶಕದಲ್ಲಿ ಅವರ ಪ್ಲೇಟುಗಳು ಗಾಂಧಾರಿ ಅನ್ನೋ ಹೆಸರಲ್ಲೇ ಬಂದಿದ್ದವು. ನಮಗೆಲ್ಲ ಗೊತ್ತಿರೋ ಆ ಗಡಸು ಗಂಡುದನಿ ಬಂದದ್ದು ಆಮೇಲೆ, ಗಂಟಲಿನ ಆಪರೇಷನ್ ಆದ ಮೇಲೆ. ನಾನು ಸ್ಕ್ರೂ ತಿರುಗಿಸಿ ಅವರ ದನಿಯನ್ನು ‘ಸರಿ’ ಮಾಡಲು ಹೊರಟಿದ್ದೆ.

ಅದೇ ವಾರ ದೊಡ್ಡ ತಪ್ಪೊಂದು ಮಾಡಿದೆ. ರೆಕಾರ್ಡ್ ತೊಳೆಯಲು ಸ್ಪಿರಿಟ್ ಒಳ್ಳೆಯದು ಅಂತ ವಿಡಿಯೋದಲ್ಲಿ ನೋಡಿದ್ದೆ. ಹಳೇ ನಾಟಕದ ಪ್ಲೇಟೊಂದರ ಮೇಲೆ ಹತ್ತಿಯಲ್ಲಿ ಸರ್ಜಿಕಲ್ ಸ್ಪಿರಿಟ್ ಹಾಕಿ ಒರೆಸಿದೆ. ಹತ್ತಿ ಕಪ್ಪಗಾಯಿತು. ಎಷ್ಟು ಕೊಳೆ ಬರುತ್ತಿದೆ ನೋಡು ಅಂತ ಖುಷಿಯಲ್ಲಿ ಇನ್ನಷ್ಟು ಉಜ್ಜಿದೆ. ಬಂದದ್ದು ಕೊಳೆಯಲ್ಲ, ಪ್ಲೇಟೇ. ಎಲ್‌ಪಿ ಪ್ಲಾಸ್ಟಿಕ್ಕು, 78ರ ಪ್ಲೇಟು ಅರಗು. ಮರಗೆಲಸದವರು ಪಾಲಿಶ್ ಮಾಡೋದು ಇದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ. ಮಿಂಚುತ್ತಿದ್ದ ಪ್ಲೇಟಿನಲ್ಲಿ ಅಂಗೈ ಅಗಲದ ಮಂಕು ಕಲೆ. ಈಗ ಅಲ್ಲಿಗೆ ಬಂದಾಗ ರಾಜನ ಮಾತು ಮಳೆಯಲ್ಲಿ ನಿಂತು ಹೇಳಿದ ಹಾಗೆ ಕೇಳುತ್ತದೆ. "ಅವ್ರು ಅರಗಿನ ಮನೆಗೆ ಬೆಂಕಿ ಇಟ್ರು, ನೀನು ಅರಗಿನ ಪ್ಲೇಟಿಗೆ ಸ್ಪಿರಿಟ್ ಇಟ್ಟೆ" ಅಂದರು ರಿಪೇರಿ ಅಜ್ಜ. ಬೈಗುಳ ಇಷ್ಟೇ. ದಪ್ಪ ಪ್ಲೇಟಿಗೆ ಒಣ ಮೆತ್ತನೆ ಬ್ರಷ್ಷೇ ಸಾಕು. ತೀರಾ ಕೊಳೆ ಇದ್ದರೆ ತಣ್ಣೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆ, ಲೇಬಲ್‌ಗೆ ತಾಗದ ಹಾಗೆ.

ಇನ್ನು ಮುಳ್ಳು. ಈ ಡಬ್ಬದ ನಿಜವಾದ ದೋಷ ಇರೋದು ಇಲ್ಲೇ. ಚಿನ್ನ ತೂಗೋ ಪುಟ್ಟ ತಕ್ಕಡಿ ತಂದು ಅದರ ಮೇಲೆ ಮುಳ್ಳು ಇಳಿಸಿ ನೋಡಿದೆ: 5.4 ಗ್ರಾಂ. ಒಳ್ಳೆಯ ಪ್ಲೇಯರ್‌ಗಳಲ್ಲಿ ಎರಡು ಗ್ರಾಂ ಆಸುಪಾಸು ಇರುತ್ತದೆ. ಅಲ್ಲಿ ಮುಳ್ಳು ಹಿಡಿದ ಕೈಯ ಹಿಂಬದಿಯಲ್ಲಿ ಒಂದು ತೂಕದ ಗುಂಡು, ತಿರುಗಿಸಿ ಭಾರ ಹೊಂದಿಸಬಹುದು. ಇದರಲ್ಲಿ ಅದಿಲ್ಲ. ಜೊತೆಗೆ ಬಂದ ಮುಳ್ಳು ಬೇಗ ಸವೆಯುತ್ತದೆ. ಎಂಟನೇ ತಿಂಗಳಿಗೆ ಎಸ್. ಜಾನಕಿ ಹಾಡುವಾಗ ‘ಸ’ ಎಲ್ಲ ‘ಶ್ಶ’ ಆಗತೊಡಗಿತು. ಸವೆದ ಮುಳ್ಳು ಉಳಿಯಿದ್ದ ಹಾಗೆ, ರೆಕಾರ್ಡಿನ ಗೆರೆಯನ್ನೇ ಕೆತ್ತುತ್ತದೆ. ಹೊಸದು ಕಂಪನಿಯ ಹತ್ತಿರ ‘ಸ್ಟಾಕ್ ಇಲ್ಲ’. ಬೇರೆ ಕಡೆ 340 ರೂಪಾಯಿಗೆ ಎರಡು ಸಿಕ್ಕವು. ಆಮೇಲಿಂದ ಮುಳ್ಳು ಎಷ್ಟು ಗಂಟೆ ಓಡಿತು ಅನ್ನೋ ಲೆಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. 78ಕ್ಕೆ ದಪ್ಪ ಮುಳ್ಳೇ ಬೇರೆ ಬೇಕು. ಅದರ ಗೆರೆ ಅಗಲ, ಎಲ್‌ಪಿ ಮುಳ್ಳು ಅದರ ತಳಕ್ಕೆ ಬಿದ್ದು ಬರೀ ಕಸ ಕೆರೆಯುತ್ತದೆ. ಡಬ್ಬದ ಮೇಲೆ ಮೂರು ಸ್ಪೀಡು ಅಂತ ದೊಡ್ಡದಾಗಿ ಬರೆದವರು ಇದನ್ನು ಎಲ್ಲೂ ಹೇಳಿಲ್ಲ. ಕೋಪ ಬರುತ್ತದೆ.

ಸ್ಪೀಕರ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ತಟ್ಟೆ ಇರೋ ಪೆಟ್ಟಿಗೆಯಲ್ಲೇ ಸ್ಪೀಕರ್ ಇದ್ದರೆ ಅದರ ಅದುರು ಮುಳ್ಳಿಗೆ ಹತ್ತುತ್ತದೆ, ತಬಲಾ ಜೋರಾದಾಗ ಮುಳ್ಳು ಹಾರುತ್ತದೆ. ಹಿಂದಿನ ತೂತಿನಿಂದ ವೈರ್ ಎಳೆದು ಅಪ್ಪನ ಹಳೇ ಹೋಮ್ ಥಿಯೇಟರಿಗೆ ಕೊಟ್ಟೆ, ಆ ತೊಂದರೆ ಮುಗಿಯಿತು. ಬ್ಲೂಟೂತ್ ಎರಡು ಸಲ ಬಳಸಿರಬಹುದು. ಮುಚ್ಚಳದ ಒಂದು ಹಿಂಜು ಹೋಗಿದೆ, ಎಂ-ಸೀಲ್ ಹಚ್ಚಿದೆ.

ನಮ್ಮೂರಿನಲ್ಲಿ ಇನ್ನೆರಡು ಶತ್ರು. ಒಂದು ಧೂಳು. ಮಂಡಕ್ಕಿ ಭಟ್ಟಿ ಕಡೆಯಿಂದ ಗಾಳಿ ಬೀಸಿದರೆ ನಮ್ಮ ಓಣಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೂ ಮಸಿ. ಇನ್ನೊಂದು ಬಿಸಿಲು. ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಎಲ್‌ಪಿಯನ್ನು ಕಿಟಕಿ ಪಕ್ಕ ಮರೆತು ಬೆಣ್ಣೆದೋಸೆ ತಿನ್ನೋಕೆ ಹೋಗಿದ್ದೆ. ಬಂದು ನೋಡಿದರೆ ಹಪ್ಪಳ. ಎರಡು ಗಾಜಿನ ನಡುವೆ ಇಟ್ಟು ಮೇಲೆ ಕೆಮಿಸ್ಟ್ರಿ ಪುಸ್ತಕ ಹೇರಿದೆ, ಅರ್ಧ ಸರಿಹೋಯಿತು. ಮುಳ್ಳು ಈಗಲೂ ಅದರ ಮೇಲೆ ಹಂಪ್ ದಾಟೋ ಬಸ್ಸಿನ ಹಾಗೆ ಹೋಗುತ್ತದೆ. ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ.

ದಾವಣಗೆರೆಯಲ್ಲಿ ನನಗೆ ರೆಕಾರ್ಡ್ ಅಂಗಡಿ ಅಂತ ಒಂದೂ ಸಿಕ್ಕಿಲ್ಲ. ಗುಜರಿಯವರ ಹತ್ತಿರ ಕೇಳಿದರೆ ಸಿಡಿ ತೋರಿಸುತ್ತಾರೆ. ನಿಜವಾದ ರೆಕಾರ್ಡ್ ಅಂಗಡಿಗೆ ನಾನು ಹೋದದ್ದು ಒಂದೇ ಸಲ, ಅತ್ತೆಯ ಮನೆಗೆ ಬೆಂಗಳೂರಿಗೆ ಹೋದಾಗ. ಎಸಿ, ಮರದ ಪೆಟ್ಟಿಗೆಗಳು, ಅದರಲ್ಲಿ ನಿಲ್ಲಿಸಿದ ರೆಕಾರ್ಡುಗಳನ್ನು ಫೈಲು ತಿರುವಿದ ಹಾಗೆ ಒಂದೊಂದೇ ಬಗ್ಗಿಸಿ ನೋಡೋದು. ನನ್ನ ವಯಸ್ಸಿನ ಇನ್ನೊಬ್ಬಳು ಹುಡುಗಿ ಎದುರು ಸಾಲಿನಲ್ಲಿ ತಿರುವುತ್ತಿದ್ದಳು. ಇಬ್ಬರೂ ಮಾತಾಡಲಿಲ್ಲ. ಆದರೆ ಅವಳು ಬಗ್ಗಿಸಿದ್ದನ್ನು ನಾನು, ನಾನು ಬಗ್ಗಿಸಿದ್ದನ್ನು ಅವಳು ಓರೆಗಣ್ಣಲ್ಲಿ ನೋಡುತ್ತಲೇ ಇದ್ದೆವು. ನನಗೆ ಬೇಕಾದ ಹೊಸ ಎಲ್‌ಪಿಗೆ 2,800 ರೂಪಾಯಿ. ಇಟ್ಟು ಬಂದೆ. ಮಾರನೇ ದಿನ ಭಾನುವಾರ, ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ನೆಲದ ಮೇಲೆ ಹರಡಿದ ರಾಶಿಯಿಂದ 450ಕ್ಕೆ ಮೂರು ಆರಿಸಿದೆ. ಒಂದರೊಳಗೆ ಕವರ್‌ಗೂ ರೆಕಾರ್ಡಿಗೂ ಸಂಬಂಧವೇ ಇರಲಿಲ್ಲ. ಹೊರಗೆ ಭಕ್ತಿಗೀತೆ, ಒಳಗೆ ಡಿಸ್ಕೋ.

ಹಾಗಾಗಿ ನನ್ನ ರೆಕಾರ್ಡ್ ಅಂಗಡಿ ಆ ರಿಪೇರಿ ಗೂಡೇ. ಅಲ್ಲಿ ಎಚ್‌ಎಂವಿ ಕಂಪನಿಯ ಫಿಯೆಸ್ಟಾ ಅನ್ನೋ ಹಳೇ ರೆಕಾರ್ಡ್ ಪ್ಲೇಯರ್ ಇದೆ, ಅದೂ ಸೂಟ್‌ಕೇಸ್ ಥರದ್ದೇ. ಅದನ್ನು ನೋಡಿದ ಮೇಲೆ ನನ್ನದು ಹೊಸ ಫ್ಯಾಷನ್ ಅನ್ನೋ ಜಂಬ ಇಳಿಯಿತು. ಭಾನುವಾರ ಬೆಳಿಗ್ಗೆ ನಾಲ್ಕೈದು ಜನ ಸೇರುತ್ತಾರೆ. ಒಬ್ಬರು ರಿಟೈರ್ಡ್ ಮೇಷ್ಟ್ರು, ಇಬ್ಬರು ನಮ್ಮಜ್ಜನ ಜೊತೆ ಮಿಲ್ಲಿನಲ್ಲಿದ್ದವರು, ಒಬ್ಬರು ಮಾತೇ ಆಡೋದಿಲ್ಲ. ಮುಳ್ಳು ಹಾರಿದರೆ ಅದರ ತಲೆ ಮೇಲೆ ಹತ್ತು ಪೈಸೆ ಇಡುತ್ತಿದ್ದೆವು ಅಂತ ಉಳಿದವರೇ ಹೇಳಿದ್ದು. "ನಿನ್ನ ಡಬ್ಬಿಗೆ ಇಡಬ್ಯಾಡ, ಅದು ಮೊದ್ಲೇ ಆನೆ ಭಾರ" ಅಂತ ಅವರೇ ಸೇರಿಸಿದರು.

ಒಂದು ದಿನ ರಿಪೇರಿ ಅಜ್ಜನಿಗೆ ಸುದ್ದಿ ಓದಿ ಹೇಳಿದೆ: ಅಮೆರಿಕದಲ್ಲಿ 2022ರಲ್ಲಿ ಸಿಡಿಗಿಂತ ರೆಕಾರ್ಡುಗಳೇ ಜಾಸ್ತಿ ಮಾರಾಟವಾದವಂತೆ, 1987ರ ನಂತರ ಮೊದಲ ಸಲ. ಅವರು ಸೋಲ್ಡರ್ ಮಾಡುತ್ತಲೇ, "ಸಿಡಿ ಯಾರ್ ತಗಂತಾರವ್ವ ಈಗ?" ಅಂದರು. ಅದೂ ನಿಜವೇ.

ಅಲ್ಲಿ ರೆಕಾರ್ಡ್ ಅಂಗಡಿಗಳಿಗೇ ಅಂತ ಒಂದು ದಿನ ಇದೆ, 2008ರಿಂದ ಹೆಚ್ಚಾಗಿ ಏಪ್ರಿಲ್‌ನಲ್ಲಿ ಮಾಡುತ್ತಾರೆ, ಜನ ಬೆಳಿಗ್ಗೆಯಿಂದಲೇ ಸಾಲು ನಿಲ್ಲುತ್ತಾರೆ ಅಂತ ಹೇಳಿದ್ದಕ್ಕೆ ಮಾತ್ರ ತಲೆ ಎತ್ತಿದರು. "ನಮ್ಮಂಗಡಿಗೂ ಮಾಡಿದ್ರಾತು ತಗಾ." ಈ ಏಪ್ರಿಲ್ ಮಾಡಿಯೇ ಬಿಟ್ಟೆವು. ಸಾಲು ನಿಲ್ಲಲು ಒಟ್ಟು ಆರು ಜನ, ನನ್ನನ್ನೂ ಅಜ್ಜಿಯನ್ನೂ ಸೇರಿಸಿ. ಮಂಡಕ್ಕಿ, ಮಿರ್ಚಿ, ಚಹಾ. ನಿಯಮ ಒಂದೇ: ಮಿರ್ಚಿ ತಿಂದ ಕೈಯಲ್ಲಿ ಪ್ಲೇಟು ಮುಟ್ಟಬಾರದು. ಹಾಗಾಗಿ ಏನೂ ತಿನ್ನದ ನಾನೇ ಬೆಳಗಿಂದ ಬದಿ ಮಗುಚುತ್ತಿದ್ದೆ, ಮಿರ್ಚಿ ಖಾಲಿಯಾಯಿತು. ಗಾಂಧಾರಿ ಹುಬ್ಬಳ್ಳಿ ಎರಡು ಸಲ ಹಾಕಿಸಿದರು. ಮಾತಾಡದ ಆ ಒಬ್ಬರು, "ಇನ್ನೊಂದ್ಸಲ" ಅಂದರು.

ಹಾಗಾದರೆ ಕೊಳ್ಳಬೇಕಾ? ಮನೆಯಲ್ಲಿ ರೆಕಾರ್ಡುಗಳಿದ್ದು, ಅದು ನಿಮಗೆ ಹಿಡಿಸುತ್ತದಾ ಅಂತ ನೋಡೋದಾದರೆ ಸರಿ. ಹಾಡು ಬರುತ್ತದೆ, ಎರಡು ವರ್ಷ ಮೋಟಾರು ನಿಂತಿಲ್ಲ, ತಟ್ಟೆ ತಿರುಗಿಸೋ ಬೆಲ್ಟ್ ಒಂದೇ ಸಲ ಬದಲಾಯಿಸಿದ್ದು. ಆದರೆ ಒಳ್ಳೆಯ ರೆಕಾರ್ಡನ್ನು ದಿನಾ ಇದರ ಮೇಲೆ ಹಾಕಬೇಡಿ. ಇನ್ನೊಂದು ಐದಾರು ಸಾವಿರ ಕೂಡಿಡಲು ಆಗುತ್ತದೆ ಅಂದರೆ ಕಾಯಿರಿ. ಭಾರ ಹೊಂದಿಸೋ ಗುಂಡು ಇರೋದನ್ನೇ ತಗೊಳ್ಳಿ, ಸ್ಪೀಕರ್ ಬೇರೆ ಇರಲಿ. ಕೊಳ್ಳೋ ಮೊದಲು ಮುಳ್ಳು, ಬೆಲ್ಟ್ ಎಲ್ಲಿ ಸಿಗುತ್ತದೆ ಅಂತ ನೋಡಿ. ನಾನು ಈಗ ಅದಕ್ಕೇ ದುಡ್ಡು ಕೂಡಿಡುತ್ತಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ನಿನ್ನೆ ರಾತ್ರಿ ಎಣಿಸಿದೆ, 102 ಬಂತು. ಸೆಕೆಗೆ ಹೀಗಾಗುತ್ತದೋ ಏನೋ. ಭಾನುವಾರ ಡಬ್ಬ ಹೊತ್ತುಕೊಂಡು ಹೋಗಬೇಕು.